ಈ ಕುಂಯ್ ಯಾರದು?

ಕಿರವತ್ತಿ, ೧೨ ನವೆಂಬರ್ ೨೦೦೬, ರವಿವಾರ

ಹುಬ್ಬಳ್ಳಿ ಕಿವಿ ಡಾಕ್ಟರು ಹೇಳಿದ್ರು ಅಂತ ಬರಿಯಾಕತ್ತೇನಿ. "ಮಡಿವಾಳಪ್ಪನವರ, ಯಾವಾಗ ಹೆಚ್ಚಾಗ್ತೈತಿ, ಯಾವಾಗ ಕಡಿಮಿ ಆಗ್ತೈತಿ, ದಿನಾ ಒಂದ್ ಸಾಲು ಬರದಿಡ್ರಿ. ಯಾರಿಗೂ ತೋರಸೂದು ಬ್ಯಾಡ, ನಿಮಗ ತಿಳಿತೈತಿ" ಅಂದ್ರು. ಗೊಬ್ಬರದ ಅಂಗಡಿಯವ್ರು ಕೊಟ್ಟ ಹೋದ ವರ್ಷದ ಡೈರಿ ಖಾಲಿ ಬಿದ್ದಿತ್ತು. ತಾರೀಖು ಹೊಡದು ಅದರಾಗ ಬರಿತೇನಿ.

ಇಪ್ಪತ್ತಾರು ವರ್ಷದಿಂದ ನಂದು ಮೈಕಿನ ಧಂದೆ. ಈ ಕಡೆ ಯಲ್ಲಾಪುರ, ಆ ಕಡೆ ಕಲಘಟಗಿ, ನಡುವ ಎಲ್ಲಿ ಮದುವಿ ಇದ್ರೂ ಸಭಾ ಇದ್ರೂ ಮಡಿವಾಳಪ್ಪನ ಮೈಕ. ಮೈಕಿನವಗ ವೈರಿ ಒಂದ, ಕುಂಯ್. ಮೈಕಿನ ದನಿ ಸ್ಪೀಕರಿನಿಂದ ಹೊರಬಿದ್ದು, ಮತ್ತ ಮೈಕಿನ್ಯಾಗ ಹೊಕ್ಕು, ತಿರುಗಿ ತಿರುಗಿ ಚೀರತೈತಲ್ಲ, ಅದು. ಅದು ಬಂತಂದ್ರ ಭಾಷಣ ಮಾಡಾಂವ ಹೆದರತಾನ, ಹೆಂಗಸ್ರು ಕಿವಿ ಮುಚ್ಚತಾರ, ಆಮ್ಯಾಲ ಎಲ್ಲಾರೂ ತಿರುಗಿ ನನ್ನ ಕಡೆ ನೋಡ್ತಾರ.

ಗಣಪತಿ ಹಬ್ಬ ಆದ ಮ್ಯಾಲ ಒಂದಿನ ಅಂಗಡ್ಯಾಗ ಕುಂತಿದ್ದೆ, ಸಣ್ಣಗ ಕುಂಯ್ ಅಂತು. ಆಂಪ್ಲಿಫೈಯರ್ ಕೆಟ್ಟೈತಿ ಅಂತ ಬಿಚ್ಚಿದೆ. ಕಂಡೆನ್ಸರ್ ಬದಲಿ ಮಾಡಿದೆ, ವೈರ್ ಬದಲಿ ಮಾಡಿದೆ. ಅರ್ಥಿಂಗ್ ಸರಿ ಇಲ್ಲಂತ ಹಿತ್ತಲದಾಗ ತಗ್ಗು ತೋಡಿ, ಉಪ್ಪು ಇದ್ದಲಿ ತುಂಬಿ ಅದನ್ನೂ ಹೊಸಾದು ಮಾಡಿದೆ. ಎಂಟು ದಿನ ಹೋದುವು. ಒಂಬತ್ತನೇ ದಿನ ಕರೆಂಟ್ ಹೋತು. ಫ್ಯಾನ್ ನಿಂತಿತು, ಎದುರಿನ ಹಿಟ್ಟಿನ ಗಿರಣಿ ನಿಂತಿತು, ಕುಂಯ್ ನಿಂದರಲಿಲ್ಲ. ಸ್ಕ್ರೂಡ್ರೈವರ್ ಕೈಯಾಗ ಹಿಡ್ಕೊಂಡು ಹಂಗ ಕುಂತೆ. ಕೆಟ್ಟದ್ದು ಮಷೀನಲ್ಲ, ಮಾಲಕ.

"ವಾಸಿ ಆಗೂದು ಕಷ್ಟ, ರೂಢಿ ಆಗಬೇಕು" ಅಂದ್ರು ಡಾಕ್ಟರು. ಎಡಗಿವಿ ಸಣ್ಣ ದನಿ ಕೇಳೂದು ಬಿಟ್ಟೈತಂತ, ಬಲಗಿವಿ ಅದರ ಹಿಂದ ಹೊಂಟೈತಂತ. ಮನ್ಯಾಗ ಹೇಳಿಲ್ಲ. ಹುಬ್ಬಳ್ಳಿಗೆ ವೈರ್ ತರಾಕ ಹೋಗಿದ್ದೆ ಅಂದೇನಿ.

೧೪ ನವೆಂಬರ್

ಮುಂಜಾನೆ ಐತಿ. ಮಧ್ಯಾಹ್ನ ಐತಿ. ಸಂಜಿಕ ಐತಿ.

೧೫ ನವೆಂಬರ್

ಐತಿ.

೧೬ ನವೆಂಬರ್

ಇದನ್ನ ದಿನಾ ಏನಂತ ಬರೀಬೇಕು? ಐತಿ ಮಾರಾಯ, ಐತಿ.

೨೬ ನವೆಂಬರ್, ರವಿವಾರ

ಇವತ್ತು ಯಲ್ಲಾಪುರದಾಗ ಮದುವಿ. ವಧು-ವರರ ಮ್ಯಾಲ ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ಕುಂಯ್ ಜೋರಾತು. ಇದು ನಂದ, ಅಂತ ಹಲ್ಲು ಕಚ್ಚಿ, ಕೈ ಕಟ್ಕೊಂಡು, ದೇವರ ನೆನಕೊಂತ ನಿಂತೆ. ಕಣ್ಣು ತಗದು ನೋಡ್ತೇನಿ, ಹೆಂಗಸ್ರೆಲ್ಲಾ ಕಿವಿ ಮುಚ್ಚ್ಯಾರ, ಭಟ್ಟರು ಮಂತ್ರ ನಿಲ್ಲಿಸಿ ಬಾಯಿ ತಕ್ಕೊಂಡು ನನ್ನ ಕಡೆ ನೋಡಾಕತ್ತಾರ, ಒಂದು ಕೂಸು ಹೊಯ್ಕೊಳ್ಳಾಕತ್ತೈತಿ. ಅಯ್ಯೋ ಶಿವನ, ಅದು ಮೈಕಿಂದು! ಓಡಿ ಹೋಗಿ ದನಿ ಇಳಿಸಿದೆ.

ಮದುವಿ ಹುಡುಗಿ ಅಪ್ಪ ಬಂದು, "ಮಡಿವಾಳಪ್ಪ, ನಿದ್ದಿ ಹತ್ತಿತ್ತೇನ?" ಅಂದ. ಹೌದ್ರಿ ಅಂದೆ. ನಿದ್ದಿ ಅಂದ್ರ ಅರ್ಧ ಮರ್ಯಾದಿ ಉಳಿತೈತಿ. ಕಿವುಡ ಅಂದ್ರ ನಾಳಿಂದ ಯಾರೂ ಕರಿಯೂದಿಲ್ಲ. ಬರೂವಾಗ ಟೆಂಪೋದಾಗ ಡ್ರೈವರ್ ಏನೋ ಮಾತಾಡ್ಕೊಂತ ಬಂದ, ನನಗ ಒಂದೂ ತಲಿಗೆ ಹೋಗಲಿಲ್ಲ.

೨೮ ನವೆಂಬರ್

ಮುಂಡಗೋಡದ ದ್ಯಾಮಪ್ಪಗ ಫೋನ್ ಮಾಡಿದೆ. ಅಂವಂದೂ ಮೈಕಿನ ಧಂದೆ, ಹಳೇ ಗೆಳೆಯ. "ನಿನ್ನ ಸಾಮಾನು ಮಾರೂದಾದ್ರ ಮೊದಲು ನನಗ ಹೇಳು" ಅಂತ ಎರಡು ವರ್ಷದಿಂದ ಅಂತಿದ್ದ. ಸಂಕ್ರಮಣ ಆದ ಮರುದಿನ ಬಂದು ಎಲ್ಲಾ ಒಯ್ಯಿ ಅಂದೆ. ಆಂಪ್ಲಿಫೈಯರ್, ಕಂಬಕ್ಕ ಕಟ್ಟೂ ಹಾರ್ನು, ಸ್ಪೀಕರ್ ಬಾಕ್ಸು, ಮಿಕ್ಸರ್, ಎಲ್ಲಾ. ಮಾತು ಕೊಟ್ಟೆ. ಫೋನ್ ಇಟ್ಟ ಮ್ಯಾಲ ಅಂಗಡಿ ಒಳಗ ಹೋಗಾಕ ಮನಸ ಬರಲಿಲ್ಲ.

ನನ್ನ ಹೆಂಡ್ತಿ ನೀಲವ್ವಗ ಹೇಳಿಲ್ಲ. ಮಗಳು ಭೂಮಿಕಾಗ ಹೇಳೂ ಮಾತ ಇಲ್ಲ, ಆಕಿ ನನ್ನ ಜೋಡಿ ಮಾತು ಬಿಟ್ಟು ಮೂರು ತಿಂಗಳ ಮ್ಯಾಲಾತು. ಧಾರವಾಡದ ಹಾಸ್ಟೆಲಿನ್ಯಾಗ ಇದ್ದು ಬಿ.ಎಸ್ಸಿ. ಮುಗಿಸಿ ಬಂದಾಕಿ, "ಅಪ್ಪಾ, ನಾನೂ ನಿನ್ನ ಜೋಡಿ ಮೈಕಿನ ಕೆಲಸ ಮಾಡ್ತೇನಿ" ಅಂದಿದ್ಲು. ನಾ ನಕ್ಕು ಬಿಟ್ಟಿದ್ದೆ. ಆಗಸ್ಟ್ ಹದಿನೈದಕ್ಕ ಸಾಲ್ಯಾಗ ನಾ ಚಾ ಕುಡಿಯಾಕ ಹೋಗಿ ಬರೂದ್ರಾಗ ಕಂಬ ಹತ್ತಿ ಹಾರ್ನ್ ಕಟ್ಟಾಕತ್ತಿದ್ಲು. ಎಲ್ಲಾರ ಮುಂದ ಬೈದೆ. "ಇಳಿ ಕೆಳಗ! ಹೆಣ್ಣುಹುಡುಗಿ ಕಂಬ ಹತ್ತಿದ್ರ ಮಂದಿ ನನಗ ನಗ್ತಾರ." ಮಂದಿ ಯಾರೂ ನಕ್ಕಿದ್ದಿಲ್ಲ.

ಅವತ್ತಿನಿಂದ ಆಕಿ ಮಾತು ನೀಲವ್ವನ ಮ್ಯಾಲ ಹಾದು ಬರತಾವು. "ಅವ್ವಾ, ಊಟಕ್ಕ ಬಾ ಅನ್ನು ಅಪ್ಪಗ." ನಾನೂ ಕಡಿಮಿ ಇಲ್ಲ. "ಹಸಿವಿಲ್ಲ ಅನ್ನು ಆಕಿಗೆ" ಅಂತೇನಿ. ನಡುವ ನೀಲವ್ವ ಒಂದು ವೈರ್ ಆಗ್ಯಾಳ.

೩ ಡಿಸೆಂಬರ್, ರವಿವಾರ

ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಒಳಗಿನ ಖೋಲ್ಯಾಗ ದೊಡ್ಡ ಕುಂಯ್! ಕುಂಯ್ ಅಷ್ಟ ಅಲ್ಲ, ಅದರ ಕೆಳಗ ಗುಂಯ್, ಅದರ ಕೆಳಗ ಧಡಧಡ. ಈ ಸಲ ಮೋಸ ಹೋಗೂದಿಲ್ಲ ಅಂತ ಎದ್ದಾಂವ ಓಡಿದೆ. ಭೂಮಿಕಾ ನನ್ನ ಹಳೇ ಬಾಕ್ಸ್ ಎರಡು ಸಿಡಿ ಪ್ಲೇಯರಿಗೆ ಜೋಡಿಸ್ಕೊಂಡು, ಗ್ವಾಡಿಗೆ ಆತು, ಕಣ್ಣು ಮುಚ್ಚಿ ಕುಂತಿದ್ಲು. ಪ್ಲಗ್ ಹಿಡದು ಕಿತ್ತೆ.

"ಯಾಕ ಅಪ್ಪಾ?"

"ಬಾಕ್ಸ್ ಸುಟ್ಟು ಹೋಗ್ತಿತ್ತು! ಕುಂಯ್ ಅನ್ನೂದು ಕೇಳಸೂದಿಲ್ಲೇನ ನಿನಗ?"

"ಅದು ಹಾಡು."

"ಯಾವುದು?"

"ಕುಂಯ್ ಅಂತೈತಲ್ಲ, ಅದ ಹಾಡು."

ಮೂರೂವರೆ ತಿಂಗಳ ಮ್ಯಾಲ ಮಗಳು ನನ್ನ ಜೋಡಿ ಆಡಿದ ಮಾತು ಇವು. ತಲಿ ಕೆಟ್ಟೈತಿ ಇದಕ್ಕ, ಅಂತ ಹೊರಗ ಬಂದೆ.

ಈಗ ಬರಿಯೂವಾಗ ನೆನಪಾತು. ಅದು ಬಾರಿಸಿದಷ್ಟು ಹೊತ್ತು ನನ್ನ ಕಿವ್ಯಾಗಿಂದು ಇದ್ದಿದ್ದಿಲ್ಲ. ಡಾಕ್ಟರು ಬರಿ ಅಂದದ್ದು ಇಂಥಾದ್ದ ಇರಬೇಕು.

೬ ಡಿಸೆಂಬರ್

ಭೂಮಿಕಾ ಯಲ್ಲಾಪುರಕ್ಕ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ಲು, ನೀಲವ್ವ ತವರಿಗೆ. ನನ್ನ ಮನ್ಯಾಗ ನಾನ ಕಳ್ಳನಂಗ ಒಳಗ ಹೊಕ್ಕೆ. ಸಿಡಿ ಮ್ಯಾಲ ಪೆನ್ನಿಲೆ ಇಂಗ್ಲಿಷಿನ್ಯಾಗ ಏನೋ ಗೀಚಿತ್ತು. ಹಾಕಿದೆ.

ಒಂದು ಗಿಟಾರು ಟಿಣ್ ಟಿಣ್ ಅಂತ ಒಂದ ಸ್ವರ ಬಡಿಯಾಕತ್ತು. ಎರಡು ನಿಮಿಷ ಆತು, ಅದ. ನಾಕು ನಿಮಿಷ ಆತು, ಅದ. ಇನ್ನೂ ಟೆಸ್ಟಿಂಗ್ ನಡದೈತಿ ಅಂದ್ಕೊಂಡೆ, ನಾ "ಹಲೋ ಹಲೋ, ಒನ್ ಟೂ ತ್ರೀ" ಅಂತೇನಲ್ಲ, ಹಂಗ. ಐದನೇ ನಿಮಿಷಕ್ಕ ಡ್ರಮ್ಮು ಬಂತು. ಆಮ್ಯಾಲ ಯಪ್ಪಾ, ಏನದು! ಹತ್ತಿಪ್ಪತ್ತು ಗಿಟಾರು ಒಮ್ಮೆಲೆ ಎದ್ದುವು. ಹಿಟ್ಟಿನ ಗಿರಣ್ಯಾಗ ನಡುವ ನಿಂತಂಗ, ನೆಲದಿಂದ ಎದಿತನಾ ನಡುಗಾಕತ್ತು. ಸಣ್ಣಾಂವ ಇದ್ದಾಗ ಗಿರಣ್ಯಾಗ ಅವ್ವನ ಸೀರಿ ಹಿಡ್ಕೊಂಡು ನಿಂದರತಿದ್ದೆ, ಅದು ಯಾಕೋ ನೆನಪಾತು.

ಎರಡನೇದರಾಗ ಹಾಡಾಂವ ಇದ್ದಾನ. ಆದ್ರ ಅವನ ಮೈಕ್ ಇಳಿಸಿ ಒಗದಾರ! ಗಿಟಾರಿನ ಹಿಂದ, ದೂರದಾಗ, ಬಾವ್ಯಾಗ ನಿಂತು ಚೀರಿದಂಗ ಕೇಳತೈತಿ. ಯಾವಾಂವ ಇಂವ ಆಪರೇಟರ್? ನಾ ಇಂಥಾ ಕೆಲಸ ಮಾಡಿದ್ರ ಮಂದಿ ಕಲ್ಲು ಒಗಿತಿದ್ರು. ಸಿಟ್ಟಿಗೆದ್ದು ಟ್ರೆಬಲ್ ಏರಿಸಿ ನೋಡಿದೆ, ಅಂವ ಮುಂದ ಬರಲಿಲ್ಲ.

ಬಯ್ಕೊಂತ ಬಯ್ಕೊಂತ ಸಿಡಿ ಮುಗಿಯೂತನಾ ಕುಂತೆ. ನಲವತ್ತು ನಿಮಿಷ. ಕುಂಯ್ ಇದ್ದಿದ್ದಿಲ್ಲ. ಇತ್ತೋ ಏನೋ, ಅವರ ಕುಂಯ್‌ನ್ಯಾಗ ನಂದೂ ಕೂಡಿಹೋಗಿ ಗೊತ್ತಾಗಲಿಲ್ಲ. ಬಂದ್ ಮಾಡಿದ ಮ್ಯಾಲೂ ಒಂದು ಚಾ ಕಾಸಿಕೊಳ್ಳೂವಷ್ಟು ಹೊತ್ತು ಇದ್ದಿದ್ದಿಲ್ಲ.

೯ ಡಿಸೆಂಬರ್

ಸಿಕ್ಕಿಬಿದ್ದೆ. ಆಕಿ ಕ್ಲಾಸ್ ಲಗೂ ಬಿಟ್ಟಿತ್ತಂತ. ನಾ ಖೋಲ್ಯಾಗ ಕಣ್ಣು ಮುಚ್ಚಿ ಕುಂತೇನಿ, ಆಕಿ ಬಾಗಲದಾಗ ನಿಂತಾಳ.

"ಬಾಕ್ಸ್ ಟೆಸ್ಟ್ ಮಾಡಾಕತ್ತಿದ್ದೆ" ಅಂದೆ.

"ಇದು ಆರನೇ ಹಾಡು. ಅರ್ಧ ತಾಸಿನಿಂದ ಟೆಸ್ಟೇನ?"

ಬಂದು ದನಿ ಅರ್ಧಕ್ಕ ಇಳಿಸಿ, "ಇಷ್ಟು ಜೋರು ಬ್ಯಾಡ, ಕಿವಿ ಹೋಗತಾವು" ಅಂದು ಎದುರಿಗೆ ಕುಂತ್ಲು. ನನ್ನ ಕಿವಿ ಸುದ್ದಿ ಆಕಿಗೆ ಏನೂ ಗೊತ್ತಿಲ್ಲದ ಅಂದದ್ದು.

ಇದಕ್ಕ ಏನಂತಾರ ಅಂತ ಕೇಳಿದೆ. ಕೆಲವು ಪೋಸ್ಟ್ ರಾಕ್, ಕೆಲವು ಶೂಗೇಜ್, ಕೆಲವು ಅವಕ್ಕ ಹೆವಿ ಮೆಟಲ್ ಕೂಡಿಸಿದ್ದು ಅಂದ್ಲು.

"ಪೋಸ್ಟ್ ಅಂದ್ರ? ಟಪಾಲಿನ್ಯಾಗ ಬರತಾವೇನ?"

ನಕ್ಕು ನಕ್ಕು ಕಣ್ಣಾಗ ನೀರು ತಂದ್ಲು. ಪೋಸ್ಟ್ ಅಂದ್ರ ಆಮ್ಯಾಲಿಂದು, ರಾಕ್ ಆದ ಮ್ಯಾಲಿಂದು ಅಂತ. ಶೂಗೇಜ್ ಅಂದ್ರ ಶೂ ನೋಡೂದು. ಬಾರಸಾವ್ರು ಮಂದಿ ಕಡೆ ನೋಡೂದ ಇಲ್ಲಂತ, ತಲಿ ಬಗ್ಗಿಸಿ ಕಾಲು ನೋಡ್ಕೊಂತ ನಿಂದರ್ತಾರಂತ. ಕಾಲಾಗ ಪೆಡಲ್ ಇರತಾವು, ತುಳದು ತುಳದು ದನಿ ಬದಲಿ ಮಾಡ್ತಾರ.

"ಹೊಲಿಗಿ ಮಷೀನಿನಂಗ."

"ಹೂಂ, ಹಂಗ ನೋಡು."

"ಅದು ಬಿಡು, ಹಾಡಾವನ ದನಿ ಯಾಕ ಇಳಿಸ್ಯಾರ?" ಇದನ್ನ ಕೇಳದ ನನಗ ಅನ್ನ ಇಳೀತಿದ್ದಿಲ್ಲ.

"ಬೇಕಂತ ಇಳಿಸ್ಯಾರ ಅಪ್ಪಾ. ಅಂವ ಊರಿಗೆಲ್ಲಾ ಹೇಳಾಕತ್ತಿಲ್ಲ. ಹತ್ರ ಬಂದು ಕುಂದರಾವ್ರಿಗೆ ಅಷ್ಟ ಹೇಳಾಕತ್ತಾನ."

ಇಬ್ಬರೂ ಕುಂತು ಉಳಿದ ಹಾಡು ಕೇಳಿದ್ವಿ. ನೀಲವ್ವ ಬಂದು ಬಗ್ಗಿ ನೋಡಿ, ಮೂರು ವಾಟಗಾ ಚಾ ತಂದಿಟ್ಲು.

೧೭ ಡಿಸೆಂಬರ್, ರವಿವಾರ

ಭೂಮಿ ಗೆಳತಿ ಸ್ಫೂರ್ತಿ ಬಂದಿದ್ಲು, ಶಿರಸಿ ಕಡೆ ಮತ್ತಿಘಟ್ಟದಾಕಿ. ಹಾಸ್ಟೆಲಿನ್ಯಾಗ ಒಂದ ಖೋಲಿ ಇಬ್ಬರದೂ. ಸಿಡಿ ಎಲ್ಲಾ ಆಕಿನ ಮಾಡಿ ಕೊಟ್ಟದ್ದಂತ. ನೀಲವ್ವ ರೊಟ್ಟಿ ಮ್ಯಾಲ ರೊಟ್ಟಿ ಹಾಕಿದ್ರ "ಎಂತ ಇದು ಕಾಕೂ, ಸಾಕು, ಸಾಕು" ಅಂತ ಎಲಿ ಮ್ಯಾಲ ಕೈ ಅಡ್ಡ ಇಡತಿದ್ಲು.

ಆಕಿ ಹೇಳಿದ್ಲು, ಕಾಲೇಜಿನ ಹಬ್ಬದಾಗ ಮೈಕ್ ಚೀರಾಕತ್ತಿತಂತ. ಆಪರೇಟರ್ ಯಾವ ಮೈಕ್ ಅಂತ ತಿಳೀದ ಒದ್ದಾಡುವಾಗ ನಮ್ಮ ಭೂಮಿ ಕುಂತಲ್ಲಿಂದ ಎದ್ದು ಹೋಗಿ, ಏಳು ಮೈಕಿನ್ಯಾಗ ಸರಿಯಾಗಿ ಒಂದನ್ನ ಹಿಡದು ಆ ಕಡೆ ತಿರುಗಿಸಿ ಬಂದ್ಲಂತ.

"ಕಾಕಾ, ನಿಮ್ಮ ಮಗಳಿಗೆ ಎಂಥಾ ಕಿವಿ ಇದ್ದು ಗೊತ್ತಿದ್ದಾ?"

ಇದ್ದು ಅಂದ್ರ ಮೊದಲು ಇದ್ದುವು, ಈಗ ಇಲ್ಲ, ಅಂತ ನಾ ತಿಳ್ಕೊಂಡೆ. ನನ್ನ ರೋಗ ಮಗಳಿಗೂ ಬಂತು ಅಂತ ಕೈಯಾಗಿನ ತುತ್ತು ಕೈಯಾಗ ಉಳಿತು. "ಯಾಕವಾ, ಈಗ ಏನಾಗೈತಿ ಆಕಿ ಕಿವಿಗೆ?" ಅಂದೆ. ಹುಡುಗ್ಯಾರು ಬಿದ್ದು ಬಿದ್ದು ನಕ್ಕರು. ಹವ್ಯಕರ ಮಾತಿನ್ಯಾಗ 'ಇದ್ದು' ಅಂದ್ರ ನಮ್ಮ 'ಐತಿ'ನ ಅಂತ. ನಾನೂ ನಕ್ಕೆ.

೨೪ ಡಿಸೆಂಬರ್

ಒಂದು ವಾರ ಬರಿಯೂದ ಮರತಿದ್ದೆ. ಕುಂಯ್ ಐತಿ. ನಿನ್ನೆ ಭೂಮಿ ಹೊಸಾದೊಂದು ಹಾಡು ಹಾಕಿದ್ಲು, ಹದಿನಾರು ನಿಮಿಷದ್ದು, ಕಡೀಕ ಎಲ್ಲಾ ನಿಂತು ಒಂದ ಗಿಟಾರು ಉಳಿತೈತಿ. ಚಲೋ ಐತಿ.

ಸಂಕ್ರಮಣಕ್ಕ ಇನ್ನ ಮೂರು ವಾರ. ಹೆಂಗ ಹೇಳಲಿ ಆಕಿಗೆ.

೨೯ ಡಿಸೆಂಬರ್, ಶುಕ್ರವಾರ

ಹೇಳೂದು ಬೀಳಲಿಲ್ಲ. ದ್ಯಾಮಪ್ಪ ಈ ಕಡೆ ಬಂದಾಂವ ಅಂಗಡಿಗೆ ಬಂದಾನ. ನಾ ಇದ್ದಿದ್ದಿಲ್ಲ, ಭೂಮಿ ಇದ್ಲು. "ಸಂಕ್ರಮಣದ ಮರುದಿನ ಸಾಮಾನು ಒಯ್ಯಾಕ ಟೆಂಪೋ ತರ್ತೇನಿ ಅಂತ ಹೇಳವಾ ನಿಮ್ಮಪ್ಪಗ" ಅಂದು ಹೋಗ್ಯಾನ. ನಾ ಬಂದಾಗ ಆಕಿ ಅಂಗಡಿ ನಡುವ ನಿಂತಿದ್ಲು.

"ನನಗ ಕೊಡೂದಕ್ಕಿಂತ ಮಂದಿಗೆ ಮಾರೂದು ಚಲೋ ಅನಿಸ್ತೇನ ಅಪ್ಪಾ?"

"ಹಂಗಲ್ಲವಾ ಅದು."

"ಮತ್ತ ಹೆಂಗ? ನಾ ಹೆಣ್ಣು, ಕಂಬ ಹತ್ತಬಾರದು. ಹೌದಿಲ್ಲೋ?"

"ನನಗ ಕೇಳಸವಲ್ದು!" ಅಂದುಬಿಟ್ಟೆ.

ಒಂದು ಮಾತು ಬಂದ ಮ್ಯಾಲ ಉಳಿದುವು ತಡಿಲಿಲ್ಲ. ಗಣಪತಿ ಹಬ್ಬ, ಆಂಪ್ಲಿಫೈಯರ್ ಬಿಚ್ಚಿದ್ದು, ಹುಬ್ಬಳ್ಳಿ ಡಾಕ್ಟರು, ಮದುವ್ಯಾಗ ಕಲ್ಲಿನಂಗ ನಿಂತದ್ದು, ಎಲ್ಲಾ ಹೇಳಿದೆ. ಅಳು ಬಂತು, ಅತ್ತೆ. ಮಗಳ ಮ್ಯಾಲ ಕೂಗಾಡಿದ್ದು ತಪ್ಪಾತು ಅಂತನೂ ಅಂದೆ.

ಆಕಿ ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. ಆಂಪ್ಲಿಫೈಯರ್ ಹಚ್ಚಿದ್ಲು. ಒಂದು ಮೈಕ್ ತಗೊಂಡು ಬೇಕಂತ ಹಾರ್ನಿನ ಬಾಯಿಗೆ ಹಿಡದ್ಲು. ಕುಂಯ್!

"ಹಿಂಗೈತೇನ?"

"ಏ, ತಗಿ ಅದನ್ನ!"

"ಹಿಂಗೈತೋ ಇಲ್ಲೋ ಹೇಳು."

"ಇಲ್ಲ. ಇನ್ನೂ ಸಣ್ಣದು."

ಈಕ್ವಲೈಜರಿನ ಒಂದು ಕಡ್ಡಿ ಇಳಿಸಿ ಇನ್ನೊಂದು ಏರಿಸಿದ್ಲು. "ಹಿಂಗ?"

"ಇನ್ನಷ್ಟು ಮ್ಯಾಲ."

"ಹಿಂಗ?"

ಹೊರಗಿಂದು ಯಾವುದು, ಒಳಗಿಂದು ಯಾವುದು, ಗುರುತು ಹತ್ತಲಿಲ್ಲ. "ಹೂಂ" ಅಂದೆ. "ಇದ."

ನೀಲವ್ವ ಕೈಯಾಗಿನ ಹಿಟ್ಟು ಹಂಗ ಇಟ್ಕೊಂಡು ಓಡಿ ಬಂದ್ಲು. "ಏನ್ರೀ ಇದು, ಬಂದ್ ಮಾಡ್ರಿ, ತಲಿ ಒಡೀತೈತಿ!"

"ಅವ್ವಾ" ಅಂದ್ಲು ಭೂಮಿ, "ಅಪ್ಪನ ಕಿವ್ಯಾಗ ಇದು ನಾಕು ತಿಂಗಳದಿಂದ ಐತಿ."

ಆಂಪ್ಲಿಫೈಯರ್ ಬಂದ್ ಮಾಡಿದ್ಲು. "ಹಗಲೂ ರಾತ್ರಿ?" ಅಂದ್ಲು ನೀಲವ್ವ. ಹೂಂ ಅಂದೆ. "ಇದನ್ನ ಇಟ್ಕೊಂಡು ನನ್ನ ಎದುರು ಕುಂತು ದಿನಾ ರೊಟ್ಟಿ ತಿಂದ್ರೇನು ನೀವು? ನನಗ ಒಂದ ಮಾತು ಹೇಳಾಕ ಏನಾಗಿತ್ರೀ?" ಹಿಟ್ಟಿನ ಕೈಲೆ ನನ್ನ ಎರಡೂ ಕಿವಿ ಮುಚ್ಚಿ ಹಿಡದ್ಲು. ಕುಂಯ್ ಕಡಿಮಿ ಆಗಲಿಲ್ಲ. ಕೈ ತಗಿ ಅಂತ ನಾ ಅನ್ನಲಿಲ್ಲ.

೨ ಜನವರಿ ೨೦೦೭

ಮುಂಡಗೋಡಕ್ಕ ಹೋಗಿದ್ದೆ, ಕೊಟ್ಟ ಮಾತು ತಿರುಗಿ ಇಸ್ಕೊಳ್ಳಾಕ. ಇಂಥಾ ಕೆಲಸ ಜನ್ಮದಾಗ ಮಾಡಿದ್ದಿಲ್ಲ. ದ್ಯಾಮಪ್ಪ ಮೊದಲು ಮಾರಿ ಗಂಟು ಹಾಕಿದ. ಕಿವಿ ಸುದ್ದಿ ಹೇಳಿದೆ, ಮಗಳ ಸುದ್ದಿ ಹೇಳಿದೆ. ಬಶ್ಯಾಗಿನ ಚಾ ಕುಡದು ಇಟ್ಟು, "ಮಾರೂದಾದ್ರ ನನಗ ಅಂತ ಅಲ್ಲೇನ ಮಾತು? ಮಾರಿಲ್ಲಲ್ಲ. ಮತ್ತೇನ ತಪ್ಪಿದಿ?" ಅಂದ. ಆಮ್ಯಾಲ ಸಣ್ಣಗ, "ನನಗೂ ಎರಡು ವರ್ಷದಿಂದ ಬಲಗಿವ್ಯಾಗ ಏನೋ ಅಂತೈತೋ" ಅಂದ. ನಮ್ಮ ಡಾಕ್ಟರ ವಿಳಾಸ ಬರದು ಕೊಟ್ಟು ಬಂದೆ.

೧೬ ಜನವರಿ

ಸಂಕ್ರಮಣ ಮುಗಿತು. ಸಾಮಾನೆಲ್ಲಾ ಇದ್ದಲ್ಲೆ ಅದಾವು. ಭೂಮಿ ಹಾರ್ನಿಗೆ ಬಣ್ಣ ಹಚ್ಚಾಕತ್ತಾಳ.

೨೦ ಜನವರಿ, ಶನಿವಾರ

ಇವತ್ತು ನಮ್ಮೂರ ಹೈಸ್ಕೂಲಿನ ಗ್ಯಾದರಿಂಗ್, ವರ್ಷದ ಹಬ್ಬ. ಭೂಮಿ ಕಂಬ ಹತ್ತಿದ್ಲು, ನಿಚ್ಚಣಿಕಿ ನಾ ಹಿಡದಿದ್ದೆ. ಒಬ್ಬರಿಬ್ಬರು ನಿಂತು ನೋಡಿದ್ರು. ನೋಡಲಿ.

ಮಧ್ಯಾಹ್ನ ಬಾಕ್ಸ್ ಟೆಸ್ಟ್ ಮಾಡಾಕ ಆಕಿ ತನ್ನ ಸಿಡಿ ಹಾಕಿದ್ಲು, ಆ ಹದಿನಾರು ನಿಮಿಷದ್ದು. ಹೆಡ್ ಮಾಸ್ತರು ಧೋತರ ಎತ್ತಿ ಹಿಡ್ಕೊಂಡು ಓಡಿ ಬಂದ್ರು. "ಮಡಿವಾಳಪ್ಪ, ಏನೋ ಕೆಟ್ಟೈತಿ ನೋಡು, ಕುಂಯ್ ಅನ್ನಾಕತ್ತೈತಿ!"

"ಅದು ಹಾಡ್ರೀ ಸರ್" ಅಂದೆ.

ಅವರು ನನ್ನ ಮಾರಿ ನೋಡಿದ್ರು, ಬಾಕ್ಸ್ ನೋಡಿದ್ರು, ತಿರುಗಿ ಹೋದ್ರು. ಭೂಮಿ ಮಿಕ್ಸರ್ ಹಿಂದ ಬಾಯಿಗೆ ಓಢಣಿ ಅಡ್ಡ ಹಿಡ್ಕೊಂಡು ನಗಾಕತ್ತಿದ್ಲು.

ಸಂಜಿಕ ಮಂದಿ ಸೇರಿದ ಮ್ಯಾಲ ಆಕಿ ನನಗ ಒಂದು ಖುರ್ಚಿ ತಂದು ಎಲ್ಲಾರ ಹಿಂದ ಹಾಕಿದ್ಲು. "ಇಲ್ಲಿ ಕುಂದ್ರು ಅಪ್ಪಾ. ಕುಂಯ್ ಅಂದ್ರ ನನ್ನ ಕಡೆ ನೋಡು. ಮೈಕಿಂದು ಇದ್ರ ನಾ ಮೈಕ್ ತೋರಸ್ತೇನಿ." ಇಪ್ಪತ್ತಾರು ವರ್ಷದಾಗ ಮಂದ್ಯಾಗ ಕುಂತದ್ದು ಇದ ಮೊದಲ ಸಲ. ಸ್ಟೇಜು ಇಲ್ಲಿಂದ ಸಣ್ಣದು ಕಾಣತೈತಿ.

ಹೆಡ್ ಮಾಸ್ತರು ಭಾಷಣಕ್ಕ ನಿಂತ್ರು. ನಡುವ ಕುಂಯ್ ಎದ್ದಿತು, ಜೋರು. ನಾ ಖುರ್ಚಿ ಬಿಟ್ಟು ಅರ್ಧ ಎದ್ದೆ. ಮಂದಿ ತಲಿ ಮ್ಯಾಲಿಂದ ಭೂಮಿ ಕಡೆ ನೋಡಿದೆ. ಆಕಿ ನನ್ನ ನೋಡ್ಕೊಂತನ ಕುಂತಿದ್ಲು. ಬೆರಳು ತನ್ನ ಕಿವಿ ಮ್ಯಾಲ ಇಟ್ಟು, ಆಮ್ಯಾಲ ನನ್ನ ಕಡೆ ತೋರಿಸಿದ್ಲು. ನಿಂದು.

ನಂದ ಅಂದ ಮ್ಯಾಲ ಎದ್ದು ಏನ್ ಮಾಡ್ಲಿ, ಕುಂತೆ.